ಡಾಲ್ಡಾ ಡಬ್ಬಿ, ರೈಲು ಡಬ್ಬಿ

ನಮ್ಮ ಕಡೆ ರೈಲಿನ ಬೋಗಿಗೂ ಡಬ್ಬಿ ಅಂತಾರೆ, ಎಣ್ಣೆ ತುಂಬಿಡುವ ತಗಡಿನ ಡಬ್ಬಕ್ಕೂ ಡಬ್ಬಿ ಅಂತಾರೆ. “ಜನರಲ್ ಡಬ್ಬಿ ಹಿಂದದ, ಓಡು” ಅಂತ ಪ್ಲಾಟ್‌ಫಾರ್ಮಿನ ಮೇಲೆ ಕೂಗುವವರೂ ನಾವೇ, “ಡಬ್ಬಿ ತೊಳದು ಬಿಸಲಿಗಿಡು” ಅಂತ ಅಡುಗೆಮನೆಯಿಂದ ಕೂಗುವವರೂ ನಾವೇ. ಎರಡಕ್ಕೂ ಒಂದೇ ಹೆಸರು ಯಾಕೆ ಅಂತ ಸಣ್ಣವನಿದ್ದಾಗ ಯೋಚನೆ ಮಾಡಿರಲಿಲ್ಲ. ಮೂವತ್ತು ದಾಟಿದ ಮೇಲೆ ಒಂದು ಭಾನುವಾರ, ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೂತು ಒಂದು ಹಳೇ ಆಟಿಕೆ ರೈಲು ಡಬ್ಬಿಯ ಛಾವಣಿ ಬಿಚ್ಚಿದೆ. ಒಳಗಡೆ ಹಳದಿ ಬಣ್ಣ, ಅದರ ಮೇಲೆ ಹಸಿರು ತಾಳೆ ಮರದ ಅರ್ಧ ತಲೆ. ಡಾಲ್ಡಾ! ರೈಲು ಡಬ್ಬಿ ನಿಜವಾಗಿಯೂ ಡಾಲ್ಡಾ ಡಬ್ಬಿಯೇ ಆಗಿತ್ತು.

ಈ ಬರಹ ಆ ಡಬ್ಬಿಯ ಇತಿಹಾಸ. ಅದನ್ನು ನಾನೇ ಕೈಯಾರೆ ಕೆಡಿಸಿದ್ದೂ ಈ ಇತಿಹಾಸದಲ್ಲಿ ಬರುತ್ತದೆ, ಮೊದಲೇ ಹೇಳಿಬಿಡ್ತೀನಿ.

ನನ್ನೂರು ನಿರ್ಣಾ. ಬೀದರ ಜಿಲ್ಲೆ. ನಾನು ಸಾಲಿ ಕಲಿಯುವಾಗ ನಮಗೆ ತಾಲ್ಲೂಕು ಅಂದರೆ ಹುಮನಾಬಾದ, ದೊಡ್ಡ ಜಾತ್ರೆ ಅಂದರೆ ಹುಮನಾಬಾದದ ವೀರಭದ್ರೇಶ್ವರ ಜಾತ್ರೆ, ಪಟ್ಟಣ ಅಂದರೆ ಹೈದರಾಬಾದ್. ಬೆಂಗಳೂರು ಅಂದರೆ ರೇಡಿಯೋದಲ್ಲಿ ಬರುವ ಒಂದು ಊರು, ಅಷ್ಟೇ.

2019ರ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಮನೆಗೆ ಸುಣ್ಣ ಬಳಿಸ್ತಿದ್ದ. ಒಳಗಿನ ಕೋಣೆಯಿಂದ ಮುತ್ಯಾನ ಕಬ್ಬಿಣದ ಟ್ರಂಕು ಹೊರಗೆ ಬಂತು. (ಗೊತ್ತಿಲ್ಲದವರಿಗೆ: ನಮ್ಮಲ್ಲಿ ಅಜ್ಜನಿಗೆ ಮುತ್ಯಾ ಅಂತೀವಿ.) ಒಳಗೆ ಹೊಲದ ಹಳೇ ಕಾಗದಪತ್ರ, ಒಂದು ರುಮಾಲು, ಕಾಲು ಮುರಿದ ಕನ್ನಡಕ, ಮತ್ತೆ ಧೋತರದ ತುಂಡಿನಲ್ಲಿ ಸುತ್ತಿಟ್ಟ ಎರಡು ತಗಡಿನ ರೈಲು ಡಬ್ಬಿ. ಒಂದೊಂದೂ ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದ. ಕೆಂಪು ಮೈ, ಹಳದಿ ಪಟ್ಟಿ. ಕಿಟಕಿಗಳು ಕೊರೆದಿದ್ದಲ್ಲ, ಅಚ್ಚು ಹಾಕಿದ ಚಿತ್ರಗಳು. ಒಳಗೆ ಕೂತಂತೆ ಕಾಣುವವರು ಹ್ಯಾಟು ಹಾಕಿದ ಗಂಡಸರು, ಕೂದಲು ಕತ್ತರಿಸಿಕೊಂಡ ಹೆಂಗಸರು. ನಮ್ಮೂರಿನ ಮುಖ ಒಂದೂ ಇಲ್ಲ. ಹಿಂದಿನ ಗೋಡೆಯ ಮೇಲೆ ಸಣ್ಣಗೆ ಇಂಗ್ಲಿಷ್ ಅಕ್ಷರದಲ್ಲಿ ‘ಮೇಡ್ ಇನ್ ಇಂಡಿಯಾ’.

“ಎಂಜಿನ್ ಎಲ್ಲದಪ್ಪ?” ಅಂದೆ.

“ಎಂಜಿನ್ ಬಾವ್ಯಾಗ ಬಿತ್ತು. ನಾನೇ ಬೀಳಿಸ್ದೆ” ಅಂದ ಅಪ್ಪ, ಅರವತ್ತರ ವಯಸ್ಸಿನಲ್ಲೂ ಸ್ವಲ್ಪ ನಾಚಿಕೊಂಡು.

ಅಪ್ಪ ಐದಾರು ವರ್ಷದವನಿದ್ದಾಗ, ಅಂದರೆ 1960ರ ದಶಕದ ಮೊದಲ ಭಾಗದಲ್ಲಿ, ಮುತ್ಯಾ ಉದ್ದು-ಹೆಸರಿನ ವ್ಯಾಪಾರದ ಸಲುವಾಗಿ ಹೈದರಾಬಾದಿಗೆ ಹೋದಾಗ ತಂದಿದ್ದಂತೆ. ಹೋಗಿದ್ದು ರೈಲಿನಲ್ಲೇ. ಆದರೆ ನಮ್ಮೂರಿನವರು ರೈಲು ಹತ್ತಬೇಕೆಂದರೆ ಮೊದಲು ಝಹೀರಾಬಾದಿಗೋ ಬೀದರಕ್ಕೋ ಹೋಗಬೇಕಿತ್ತು.

ಇಲ್ಲಿ ಸ್ವಲ್ಪ ನಿಜವಾದ ರೈಲಿನ ಕತೆ ಹೇಳಬೇಕು. ಮುಂಬೈ–ಮದ್ರಾಸ್ ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು. ಹಾಗಾಗಿ ಕಲಬುರಗಿಗೆ ರೈಲು ಆಗಲೇ ಬಂದಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. 1930ರ ದಶಕದಲ್ಲಿ ವಿಕಾರಾಬಾದಿನಿಂದ ಝಹೀರಾಬಾದ್ ಮೇಲೆ ಹಾದು ಬೀದರಕ್ಕೂ ಹಳಿ ಬಂತು. ನಕಾಶೆ ತೆಗೆದು ನೋಡಿ: ಕೆಳಗೆ ಕಲಬುರಗಿಗೆ ರೈಲು, ಮೇಲೆ ಬೀದರಕ್ಕೆ ರೈಲು, ನಡುವೆ ಹುಮನಾಬಾದ ಖಾಲಿ. ಆ ಖಾಲಿ ಜಾಗ ತುಂಬುವ ಬೀದರ–ಕಲಬುರಗಿ ಮಾರ್ಗ ಮಂಜೂರಾಗಿದ್ದು 1997–98ರ ಹೊತ್ತಿಗೆ, ಪೂರ್ತಿ ಮಾರ್ಗದ ಉದ್ಘಾಟನೆ ಆಗಿದ್ದು 2017ರ ಅಕ್ಟೋಬರ್ 29ರಂದು. ಸುಮಾರು 110 ಕಿಲೋಮೀಟರ್ ಹಳಿಗೆ ಇಪ್ಪತ್ತು ವರ್ಷ. ನಮ್ಮ ಪ್ರಾಜೆಕ್ಟುಗಳ ಡೆಡ್‌ಲೈನ್ ಎರಡು ವಾರ ಮುಂದೆ ಹೋದರೆ ಮ್ಯಾನೇಜರಿಗೆ ಬಿ.ಪಿ. ಏರುತ್ತದೆ, ನೆನಪಿರಲಿ.

ಮುತ್ಯಾ ಹೇಳ್ತಿದ್ದ: “ರೈಲ್ ಬರ್ತದ, ಬರ್ತದ. ನಾ ಸಣ್ಣಾವಿದ್ದಾಗಿಂದ ಬರ್ಲಾಕತ್ತದ.” 2009ರಲ್ಲಿ ತೀರಿಕೊಂಡ. ಹುಮನಾಬಾದ ಸ್ಟೇಷನ್ನಿನಲ್ಲಿ ನಿಂತು ಕಲಬುರಗಿ ರೈಲು ಹತ್ತುವ ಯೋಗ ಅವನಿಗೆ ಬರಲಿಲ್ಲ.

ಇನ್ನೊಂದು ವಿಚಿತ್ರ ಇದೆ. ಮುತ್ಯಾ ಹುಟ್ಟಿದಾಗ ಝಹೀರಾಬಾದ್ ನಮ್ಮ ಬೀದರ ಜಿಲ್ಲೆಯಲ್ಲೇ ಇತ್ತು, ಹೈದರಾಬಾದ್ ನಮ್ಮ ರಾಜಧಾನಿ ಆಗಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆ ಆದಾಗ ಬೀದರ ಜಿಲ್ಲೆಯ ಒಂದು ಭಾಗ ಮೈಸೂರು ರಾಜ್ಯಕ್ಕೆ ಬಂತು, ಝಹೀರಾಬಾದ್ ಆಂಧ್ರಕ್ಕೆ ಹೋಯಿತು, ಉದಗೀರ್ ಕಡೆಯ ಭಾಗ ಮುಂಬೈ ರಾಜ್ಯಕ್ಕೆ ಹೋಯಿತು. ಅಂದರೆ ಮುತ್ಯಾ ಅಪ್ಪನಿಗೆ ಆಟಿಕೆ ರೈಲು ತರುವ ಹೊತ್ತಿಗೆ, ಅವನು ರೈಲು ಹತ್ತುತ್ತಿದ್ದ ಸ್ಟೇಷನ್ ಬೇರೆ ರಾಜ್ಯಕ್ಕೆ ಸೇರಿಬಿಟ್ಟಿತ್ತು. ಅವನು ಮಾತ್ರ ಅದೇ ದಾರಿಯಲ್ಲಿ ಅದೇ ರೈಲಿಗೆ ಹೋಗಿ ಬರ್ತಿದ್ದ.

ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. ಸಾಲಿಯಲ್ಲೂ ಉರ್ದು. ಮನೆಯಲ್ಲಿ ಕನ್ನಡ ಮಾತಾಡುವ ಮುತ್ಯಾ ಲೆಕ್ಕ ಬರೆಯುವುದು, ಚೀಟಿ ಬರೆಯುವುದು ಎಲ್ಲ ಉರ್ದುವಿನಲ್ಲಿ. ಅಪ್ಪ ಕಲಿತಿದ್ದು ಕನ್ನಡ ಸಾಲಿಯಲ್ಲಿ. ನಾನು ಕನ್ನಡ ಸಾಲಿಯಲ್ಲಿ ಕಲಿತು, ಬಿ.ಇ.ಯಲ್ಲಿ ಇಂಗ್ಲಿಷಿನ ಎದುರು ಬೆವರು ಸುರಿಸಿದವನು. ಒಂದೇ ಮನೆ, ಮೂರು ತಲೆಮಾರು, ಮೂರು ಲಿಪಿ. ಇದನ್ನು ಯಾಕೆ ಹೇಳ್ತಿದ್ದೀನಿ ಅಂತ ಮುಂದೆ ಗೊತ್ತಾಗುತ್ತದೆ.

ಡಬ್ಬಿ ಎರಡನ್ನೂ ಬೆಂಗಳೂರಿಗೆ ತಂದೆ. ಆಗ ನನಗೆ ವಿಂಟೇಜ್ ಹುಚ್ಚು. ನಿಮ್ಮಲ್ಲಿ ಹಲವರಿಗೆ ಈ ಹುಚ್ಚು ಗೊತ್ತು: ಭಾನುವಾರ ಬೆಳಿಗ್ಗೆ ಚಿಕ್ಕಪೇಟೆಯ ಸಂಡೆ ಬಜಾರಿನಲ್ಲಿ ಹಳೇ ರೇಡಿಯೋ ತಡಕಾಡುವುದು, ಆನ್‌ಲೈನಿನಲ್ಲಿ ‘ವಿಂಟೇಜ್ ಸ್ಟೈಲ್’ ಅಂತ ಹುಡುಕುವುದು. ನಾನು ಅಲ್ಲಿಂದ ಒಂದು ಹೊಸ ತಗಡಿನ ರೈಲು ಡಬ್ಬಿ ತರಿಸಿದ್ದೆ. ಹಳೇದು ಅಂತ ಕಾಣಲಿ ಅಂತ ಕಾರ್ಖಾನೆಯವರೇ ಅದರ ಮೇಲೆ ತುಕ್ಕಿನ ಚಿತ್ರ ಅಚ್ಚು ಹಾಕಿ ಕಳಿಸಿದ್ದರು. ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ, ನೋಡಿದವರೆಲ್ಲ “ವಾವ್” ಅಂದಿದ್ದರು.

ಈಗ ನೋಡಿ ತಮಾಷೆ. ಸುಳ್ಳು ತುಕ್ಕಿಗೆ ದುಡ್ಡು ಕೊಟ್ಟವನು, ನಿಜವಾದ ತುಕ್ಕು ಕಂಡ ಕೂಡಲೇ ತೆಗೆಯಬೇಕು ಅಂತ ಕೂತೆ. ನಾಲ್ಕು ವಿಡಿಯೋ ನೋಡಿದೆ. ತಳದ ಕೊಂಡಿಗಳನ್ನು ಇಕ್ಕಳದಿಂದ ಎತ್ತಿ ಛಾವಣಿ ಬಿಚ್ಚಿದೆ (ಡಾಲ್ಡಾ ಕಂಡಿದ್ದು ಆಗಲೇ). ಥಿನ್ನರ್ ಹಚ್ಚಿದೆ, ಕಿಟಕಿಯ ದೊರೆಗಳೆಲ್ಲ ಕೆಂಪು ನೀರಾಗಿ ಕರಗಿ ಹೋದರು. ಸ್ಯಾಂಡ್ ಪೇಪರ್ ಹಿಡಿದು ಮೇಲೆ, ಕೆಳಗೆ, ತಳ, ಎಲ್ಲ ಕಡೆ ತಿಕ್ಕಿದೆ. ತಳದಲ್ಲಿ ಗೀರುಗಳು ಜಾಸ್ತಿ ಇದ್ದವು, ಅಲ್ಲಿ ಇನ್ನೂ ಜೋರಾಗಿ ತಿಕ್ಕಿದೆ. ಆಮೇಲೆ ಸ್ಪ್ರೇ ಪೇಂಟು. ಸಂಜೆ ಹೊತ್ತಿಗೆ ಡಬ್ಬಿ ಹೊಸ ಬೈಕಿನ ಟ್ಯಾಂಕಿನ ಹಾಗೆ ಹೊಳೀತಿತ್ತು. ‘ಬಿಫೋರ್–ಆಫ್ಟರ್’ ಫೋಟೋ ಹಾಕಿದೆ. ಬಿಫೋರ್ ಫೋಟೋ ಒಂದೇ ಬದಿಯದು, ಕಿಟಕಿ ಇದ್ದ ಬದಿಯದು.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಕಣ್ಣು ತೋರಿಸಲು ಬೆಂಗಳೂರಿಗೆ ಬಂದ. ಟಿ.ವಿ. ಪಕ್ಕದಲ್ಲಿ ಹೊಳೆಯುತ್ತಿದ್ದ ಡಬ್ಬಿ ನೋಡಿದ.

“ಇದು ಯಾವುದೋ ತಮ್ಮಾ? ಹೊಸಾದು ತಂದಿ?”

“ಇಲ್ಲಪ್ಪ, ನಮ್ದೇ.”

ಎತ್ತಿಕೊಂಡು ಮಗುಚಿ ಹಿಡಿದ. ತಳದ ಮೇಲೆ ಹೆಬ್ಬೆರಳು ಆಡಿಸಿದ. “ತಳದಾಗ ನಿಮ್ಮ ಮುತ್ಯಾ ಬರ್ದಿದ್ದ. ಅಳಿಸ್ದ್ಯಾ?”

“ಏನ್ ಬರ್ದಿದ್ದ?”

“ಯಾರಿಗ್ ಗೊತ್ತೋ. ಉರ್ದುದಾಗ ಇತ್ತು. ಮೊಳಿ ತಗೊಂಡು ಕೊರದಿದ್ದ. ನನ್ನ ಹೆಸರು, ತಾರೀಖು ಅದ ಅಂತ ನಿಮ್ಮ ಆಯಿ ಹೇಳ್ತಿದ್ಲು.”

ಅಪ್ಪ ಬೈಯಲಿಲ್ಲ. ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟ. ನಾನು ಗೀರು ಅಂದುಕೊಂಡು ತಿಕ್ಕಿ ತೆಗೆದಿದ್ದು ಅಕ್ಷರ.

ಕೆಲವೇ ವಾರಗಳಲ್ಲಿ ಲಾಕ್‌ಡೌನ್ ಬಂತು. ಮನೆಯಿಂದಲೇ ಕೆಲಸ. ಮಾಡಿದ ತಪ್ಪು ಏನು ಅಂತ ಸರಿಯಾಗಿ ತಿಳಿದುಕೊಳ್ಳಲು ಆಗ ಸಮಯ ಸಿಕ್ಕಿತು. ಬಗ್ ಬಂದ ಮೇಲೆ ರೂಟ್ ಕಾಸ್ ಹುಡುಕ್ತೀವಲ್ಲ, ಹಾಗೆ.

ಮೊದಲು ತಗಡು ಅಂದರೆ ಏನು? ಟಿನ್ ಅಂತ ಕರೆದರೂ ಅದು ಪೂರ್ತಿ ತವರ ಅಲ್ಲ. ತೆಳುವಾದ ಉಕ್ಕಿನ ಹಾಳೆ, ಅದರ ಎರಡೂ ಮೈಗೆ ಕೂದಲೆಳೆಗಿಂತ ತೆಳ್ಳಗಿನ ತವರದ ಲೇಪ. ಈ ವಿದ್ಯೆ ನಮಗೆ ಹೊಸದೇನಲ್ಲ, ಅದೇ ಕಲಾಯಿ. ನಾನು ಸಣ್ಣವನಿದ್ದಾಗ ಕಲಾಯಿ ಮಾಡುವವರು ಊರಿಗೆ ಬರ್ತಿದ್ದರು. ನೆಲದಲ್ಲಿ ಕುಣಿ ತೋಡಿ, ತಿದಿ ಒತ್ತಿ, ತಾಮ್ರ-ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿದರೆ ಬಿಳಿ ಹೊಗೆ ಏಳುತ್ತಿತ್ತು. ಪಾತ್ರೆಯ ಮೈ ಸ್ವಚ್ಛವಾದ ಕೂಡಲೇ ತವರದ ಕಡ್ಡಿ ತಾಗಿಸಿ ಅರಳೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿ ಹೊಳಪು. ಹುಳಿ ಸಾರು, ಮಜ್ಜಿಗೆ ಕಿಲುಬು ಹಿಡಿಯದ ಹಾಗೆ ಆ ಲೇಪ ಕಾಯುತ್ತಿತ್ತು. ಕಾರ್ಖಾನೆಗಳು ಉಕ್ಕಿನ ಹಾಳೆಗೆ ಮಾಡುವುದೂ ಇದನ್ನೇ.

ಆದರೆ ತವರಕ್ಕೆ ಒಂದು ದೋಷ ಇದೆ. ನಮ್ಮ ಮನೆಯ ಮೇಲಿನ ಪತ್ರಾಕ್ಕೆ ಇರುವುದು ಸತುವಿನ ಲೇಪ. ಅದರ ಮೇಲೆ ಗೀರು ಬಿದ್ದರೆ ಸತು ಮೊದಲು ತಾನು ಸವೆಯುತ್ತದೆ. ಸತು ತಾನು ಸತ್ತು ಕಬ್ಬಿಣವನ್ನು ಉಳಿಸುತ್ತದೆ. ತವರ ಹಾಗಲ್ಲ. ಲೇಪ ಪೂರ್ತಿ ಇರುವತನಕ ಮಾತ್ರ ರಕ್ಷಣೆ. ಹರಿದಲ್ಲಿ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಸ್ಯಾಂಡ್ ಪೇಪರಿನಿಂದ ನಾನು ತೆಗೆದಿದ್ದು ಬರೀ ತುಕ್ಕಲ್ಲ, ಅರವತ್ತು ವರ್ಷ ಡಬ್ಬಿಯನ್ನು ಕಾದಿದ್ದ ತವರದ ಮೈಯನ್ನೂ ತೆಗೆದಿದ್ದೆ. ಬೀದರ ಜಿಲ್ಲೆಯವನಾಗಿ ಇದು ನನಗೆ ಗೊತ್ತಿರಬೇಕಿತ್ತು. ನಮ್ಮ ಬಿದ್ರಿ ಕೆಲಸದವರು ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹಕ್ಕೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಅದರಲ್ಲಿ ಕೂಡಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಲೋಹದ ಮೇಲೆ ಯಾವುದು ಏನು ಮಾಡುತ್ತದೆ ಅಂತ ತಿಳಿದ ಮೇಲೆಯೇ ಅವರು ಕೈ ಹಾಕೋದು.

ಇನ್ನು ಆಟಿಕೆ. ತಗಡಿನ ರೈಲಿನ ದೊಡ್ಡ ಕತೆ ಶುರುವಾಗುವುದು ಜರ್ಮನಿಯಲ್ಲಿ. ಗೋಪಿಂಗೆನ್ ಅನ್ನುವ ಊರಿನಲ್ಲಿ 1859ರಲ್ಲಿ ಶುರುವಾದ ಮಾರ್ಕ್ಲಿನ್ ಮೊದಲು ಮಾಡುತ್ತಿದ್ದುದು ಗೊಂಬೆ ಮನೆಯ ತಗಡಿನ ಅಡುಗೆ ಸಾಮಾನು. 1891ರ ಲೈಪ್‌ಜಿಗ್ ಮೇಳಕ್ಕೆ ಅವರು ಹಳಿಯ ಅಗಲವನ್ನು ನಿಗದಿ ಮಾಡಿದ ರೈಲು ತಂದರು. ಈ ವರ್ಷ ಎಂಜಿನ್ ಕೊಳ್ಳಿ, ಮುಂದಿನ ವರ್ಷ ಡಬ್ಬಿ, ಅದರ ಮುಂದಿನ ವರ್ಷ ಇನ್ನಷ್ಟು ಹಳಿ, ಎಲ್ಲ ಒಂದಕ್ಕೊಂದು ಕೂಡುತ್ತವೆ. ನಾವು ಈಗ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಅನ್ನುವುದು ಅದೇ. ಆಮೇಲೆ ಜನಪ್ರಿಯವಾದ ‘ಓ’ ಗೇಜಿನಲ್ಲಿ ಹಳಿಗಳ ನಡುವೆ 32 ಮಿಲಿಮೀಟರ್. ನ್ಯೂರೆಂಬರ್ಗಿನ ಬಿಂಗ್ ಕಂಪನಿಯಂಥವರು ಲೋಕಕ್ಕೆಲ್ಲ ಆಟಿಕೆ ರೈಲು ಕಳಿಸಿದರು.

ಬಣ್ಣದ ಕತೆ ಬೇರೆ. ಮೊದಮೊದಲು ಪ್ರತಿ ಡಬ್ಬಿಗೂ ಕೈಯಲ್ಲೇ ಬಣ್ಣ. 1875ರಲ್ಲಿ ಲಂಡನ್ನಿನ ರಾಬರ್ಟ್ ಬಾರ್ಕ್ಲೆ ತಗಡಿನ ಮೇಲೆ ಆಫ್‌ಸೆಟ್ ಮುದ್ರಣದ ಪೇಟೆಂಟ್ ಪಡೆದ. ಕಲ್ಲಿನಿಂದ ಚಿತ್ರವನ್ನು ನೇರವಾಗಿ ಗಟ್ಟಿ ತಗಡಿಗೆ ಒತ್ತಿದರೆ ಸರಿಯಾಗಿ ಕೂಡುವುದಿಲ್ಲ. ಅದಕ್ಕೆ ಮೊದಲು ನಡುವಿನ ಒಂದು ಮೆತ್ತನೆಯ ಸಿಲಿಂಡರಿಗೆ, ಅಲ್ಲಿಂದ ತಗಡಿಗೆ. ಬಿಸ್ಕೆಟ್ ಡಬ್ಬಿ, ಸಾಸಿವೆ ಡಬ್ಬಿಗಳ ಮೇಲೆ ಚಿತ್ರ ಬಂದಿದ್ದು ಹೀಗೆ. ಅದೇ ವಿದ್ಯೆ ಆಟಿಕೆಗೂ ಬಂತು: ಮಟ್ಟಸ ಹಾಳೆಯ ಮೇಲೆ ಕಿಟಕಿ, ಬಾಗಿಲು, ಮನುಷ್ಯರು ಎಲ್ಲ ಮುದ್ರಿಸಿ, ಕತ್ತರಿಸಿ, ಮಡಚಿ, ಸಣ್ಣ ಕೊಂಡಿಗಳನ್ನು ಸೀಳಿನಲ್ಲಿ ತೂರಿಸಿ ಬಗ್ಗಿಸಿದರೆ ಡಬ್ಬಿ ತಯಾರು. ಬೆಸುಗೆ ಬೇಡ, ಮೊಳೆ ಬೇಡ. ನಾನು ಇಕ್ಕಳದಿಂದ ಎತ್ತಿದ್ದು ಆ ಕೊಂಡಿಗಳನ್ನೇ. ಅವು ಎರಡು ಮೂರು ಸಲ ಬಗ್ಗುತ್ತವೆ, ಆಮೇಲೆ ಮುರಿಯುತ್ತವೆ. ನನ್ನ ಡಬ್ಬಿಯದು ಎರಡು ಮುರಿದಿವೆ.

ಬ್ರಿಟನ್ನಿನಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ, ಮೆಕ್ಯಾನೊ ಕಂಡುಹಿಡಿದವನು, ಮೊದಲ ಮಹಾಯುದ್ಧ ಮುಗಿದ ಮೇಲೆ 1920ರಲ್ಲಿ ತಗಡಿನ ರೈಲು ತಂದ. ಜರ್ಮನಿಯ ಸಾಮಾನು ಅಂದರೆ ಜನ ಮುಖ ತಿರುಗಿಸುತ್ತಿದ್ದ ಕಾಲ ಅದು. ಅವನ ಮೊದಲ ರೈಲುಗಳು ಮೆಕ್ಯಾನೊ ಹಾಗೆಯೇ ನಟ್ಟು-ಬೋಲ್ಟಿನವು, ಬಿಚ್ಚಿ ಕೂಡಿಸಬಹುದಿತ್ತು. ಕೋಲ್ಮನ್ ಸಾಸಿವೆ, ಕ್ಯಾಡ್‌ಬರಿ ಚಾಕಲೇಟಿನ ಹೆಸರು ಹೊತ್ತ ಅವನ ಗೂಡ್ಸ್ ಡಬ್ಬಿಗಳಿಗೆ ಸಂಗ್ರಾಹಕರು ಈಗಲೂ ಜಗಳ ಆಡುತ್ತಾರೆ. ಅವರ ಮೊದಲ ನಿಯಮ: ಬಣ್ಣ ಕಿತ್ತಿದ್ದರೂ ಮೂಲ ಬಣ್ಣವೇ ಬೇಕು, ಮತ್ತೆ ಬಳಿದರೆ ಬೆಲೆ ಬಿತ್ತು.

ಅದೇ 1920ರಲ್ಲಿ ನಮ್ಮ ದೇಶದಲ್ಲಿ ಇನ್ನೊಂದು ಸಂಗತಿ ಆಯಿತು. ಜಮ್‌ಶೆಡ್‌ಪುರದ ಗೋಲ್‌ಮುರಿಯಲ್ಲಿ ಬರ್ಮಾ ಆಯಿಲ್ ಮತ್ತು ಟಾಟಾ ಸೇರಿ ಟಿನ್‌ಪ್ಲೇಟ್ ಕಂಪನಿ ಆಫ್ ಇಂಡಿಯಾ ಶುರುಮಾಡಿದವು. ಉದ್ದೇಶ ಆಟಿಕೆ ಅಲ್ಲ, ಸೀಮೆಎಣ್ಣೆ ಡಬ್ಬಿ. ಆಮೇಲೆ 1937ರಲ್ಲಿ ಡಾಲ್ಡಾ ಬಂತು, ಹಳದಿ ಡಬ್ಬಿ, ಹಸಿರು ತಾಳೆ ಮರ. ಖಾಲಿಯಾದ ಮೇಲೂ ಆ ಡಬ್ಬಿಯನ್ನು ಯಾರೂ ಬಿಸಾಡಲಿಲ್ಲ. ನಮ್ಮ ಮನೆಯಲ್ಲಿ ಅದು ಬ್ಯಾಳಿ ತುಂಬಿಡಲು, ತುಳಸಿ ಹಚ್ಚಲು, ಬಯಲಿಗೆ ಹೋಗುವಾಗ ನೀರು ಒಯ್ಯಲು ಬಳಕೆಯಾಗಿ, ತಳ ತೂತು ಬಿದ್ದ ಮೇಲೂ ಕೋಳಿಗೆ ಕಾಳು ಹಾಕಲು ಉಳಿದಿತ್ತು.

ಖಾಲಿ ಡಬ್ಬಿ ಆಟಿಕೆ ಆಗಿದ್ದು ನಮ್ಮಲ್ಲಿ ಮಾತ್ರ ಅಲ್ಲ. 1945ರಲ್ಲಿ ಜಪಾನ್ ಸೋತು ಸುಣ್ಣವಾಗಿತ್ತು. ಆ ವರ್ಷದ ಕೊನೆಗೆ ಓತ್ಸು ಅನ್ನುವ ಊರಿನಲ್ಲಿ ಕೊಸುಗೆ ಮತ್ಸುಝೊ ಅನ್ನುವವನು ಅಮೆರಿಕದ ಸೈನಿಕರು ತಿಂದು ಬಿಸಾಡಿದ ಡಬ್ಬಿಗಳಿಂದ ಸಣ್ಣ ಜೀಪು ಮಾಡಿದ. ಗೆದ್ದವರ ಜೀಪು, ಗೆದ್ದವರದೇ ಡಬ್ಬಿಯಿಂದ. ಅಲ್ಲಿಂದ ಎದ್ದ ಜಪಾನಿನ ತಗಡಿನ ಆಟಿಕೆ ಲೋಕವನ್ನೇ ತುಂಬಿತು. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತ ಮುದ್ರೆ ಇದ್ದರೆ ಅದು 1947ರಿಂದ 1952ರ ನಡುವಿನದು ಅಂತ ಸಂಗ್ರಾಹಕರು ತಕ್ಷಣ ಹೇಳ್ತಾರೆ.

ನಮ್ಮ ದೇಶದಲ್ಲಿ 1957ರ ಸುಮಾರಿಗೆ ವಿದೇಶಿ ವಿನಿಮಯದ ಕೊರತೆ ಬಂದು ಆಮದು ಬಿಗಿಯಾಯಿತು. ಹೊರಗಿನ ಆಟಿಕೆ ಬರುವುದು ನಿಂತ ಹಾಗೇ ಆಯಿತು. ಆಗ ಮುಂಬೈ, ಕಲ್ಕತ್ತಾದ ಸಣ್ಣ ಕಾರ್ಖಾನೆಗಳ ತಗಡಿನ ಆಟಿಕೆಗೆ ಬೇಡಿಕೆ. ಅಚ್ಚಿನ ವಿನ್ಯಾಸ ಹೊರಗಿನದು, ಅದಕ್ಕೇ ಕಿಟಕಿಯಲ್ಲಿ ಹ್ಯಾಟಿನ ದೊರೆಗಳು. ತಗಡು ಮಾತ್ರ ಎಲ್ಲಿ ಸಿಕ್ಕಿತೋ ಅಲ್ಲಿಯದು: ಮುದ್ರಣ ಕೆಟ್ಟ ಹಾಳೆ, ಅಂಚಿನ ತುಂಡು, ಹಳೇ ಡಬ್ಬಿ. ಚಿತ್ರ ಒಳಗೆ ತಿರುಗಿಸಿ, ಹೊರಗೆ ಹೊಸ ಚಿತ್ರ ಹಾಕಿದರೆ ಆಯಿತು. ನನ್ನ ಡಬ್ಬಿಯೊಳಗಿನ ತಾಳೆ ಮರಕ್ಕೆ ಇದೇ ಉತ್ತರ.

ಮತ್ತೆ ನನ್ನ ಡಬ್ಬಿಗೆ ‘ಓ’ ಗೇಜೂ ಇಲ್ಲ, ಬೇರೆ ಗೇಜೂ ಇಲ್ಲ. ಹಳಿ ಮೇಲೆ ಕೂರುವ ಅಂಚೇ ಅದರ ಗಾಲಿಗೆ ಇಲ್ಲ. ನೆಲದ ಮೇಲೆ ದಾರ ಕಟ್ಟಿ ಎಳೆಯುವ ರೈಲು. ಹಳಿ ಬೇಡದ ರೈಲು, ಹಳಿ ಇಲ್ಲದ ಊರಿಗೆ. ಮುತ್ಯಾ ನೋಡಿಯೇ ತಂದಿರಬೇಕು.

ಇದರ ಜೊತೆಗೆ ಶ್ರೀಮಂತರ ಆಟಿಕೆಯನ್ನೂ ನೋಡಬೇಕು. ಗ್ವಾಲಿಯರಿನ ಜಯವಿಲಾಸ ಅರಮನೆಯ ಊಟದ ಮೇಜಿನ ಮೇಲೆ ಬೆಳ್ಳಿಯ ಸಣ್ಣ ರೈಲು ಅತಿಥಿಗಳಿಗೆ ಮದ್ಯ, ಸಿಗಾರು ಹೊತ್ತು ಸುತ್ತುತ್ತಿತ್ತು. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಮ್ಮಿನಲ್ಲಿ ಮೂರನೇ ಸಾಲಾರ್‌ಜಂಗ್ ಕೂಡಿಹಾಕಿದ ಸಾಮಾನಿನ ನಡುವೆ ಆಟಿಕೆಗಳದೇ ಒಂದು ವಿಭಾಗ ಇದೆ. ಆ ಮ್ಯೂಸಿಯಂ 1951ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಸಾಲಿಯ ಟ್ರಿಪ್ಪಿಗೆ ಹೋದಾಗ ನಾವೆಲ್ಲ ಅಲ್ಲಿನ ಗಂಟೆ ಬಾರಿಸುವ ಗಡಿಯಾರದ ಮುಂದೆ ನಿಂತು ಕಾದು, ಆಟಿಕೆಗಳ ಮುಂದೆ ಓಡಿಕೊಂಡು ಹೋಗಿದ್ದೆವು. ಪುಣೆಯ ಕೋಥ್ರೂಡಿನಲ್ಲಿ 1998ರಿಂದ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನಡೆಯುತ್ತಿದೆ, ಪುಣೆಗೆ ಹೋದರೆ ತಪ್ಪಿಸಬೇಡಿ. ಇಂಥ ಕಡೆ ಪ್ರತಿ ವಸ್ತುವಿಗೂ ಯಾರದು, ಎಲ್ಲಿಯದು ಅಂತ ಚೀಟಿ ಇರುತ್ತದೆ. ನಮ್ಮಂಥವರ ಮನೆಯ ವಸ್ತುವಿಗೆ ಚೀಟಿ ಬರೆಯುವವರು ಇರುವುದಿಲ್ಲ. ಮುತ್ಯಾ ಮೊಳೆ ಹಿಡಿದು ತಾನೇ ಒಂದು ಚೀಟಿ ಬರೆದಿದ್ದ. ಅದನ್ನೇ ನಾನು ಅಳಿಸಿದ್ದೆ.

ಉಳಿದಿದ್ದು ಎರಡನೇ ಡಬ್ಬಿ. ಈ ಸಲ ಆರು ತಿಂಗಳು ತಗೊಂಡೆ. ಮಾಡಿದ್ದೇನು ಅಂತ ಹೇಳ್ತೀನಿ, ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ಆರೂ ಮೈಯ ಫೋಟೋ. ನೇರ ಬೆಳಕಿನಲ್ಲಿ ಒಂದು, ಕತ್ತಲೆ ಕೋಣೆಯಲ್ಲಿ ಬದಿಯಿಂದ ಟಾರ್ಚ್ ಹಿಡಿದು ಒಂದು. ಬೆಳಕು ಓರೆಯಾಗಿ ಬಿದ್ದರೆ ಕಣ್ಣಿಗೆ ಕಾಣದ ಗೀರಿಗೂ ನೆರಳು ಬರುತ್ತದೆ. ಆಮೇಲೆ ಮೆತ್ತನೆ ಬ್ರಷ್ಷಿನಿಂದ ಧೂಳು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೌಮ್ಯ ಸೋಪು, ಹತ್ತಿ ಅದ್ದಿ ಹಿಂಡಿ, ಮೊದಲು ಮೂಲೆಯಲ್ಲಿ ಪರೀಕ್ಷೆ. ಬಣ್ಣ ಹತ್ತಿಗೆ ಬಂದರೆ ಅಲ್ಲಿಗೆ ನಿಲ್ಲಿಸೋದು. ಒರೆಸಿದ ಕೂಡಲೇ ಒಣಗಿಸೋದು. ಉದುರುವ ತುಕ್ಕನ್ನು ಮಾತ್ರ ಮರದ ಕಡ್ಡಿಯಿಂದ ತೆಗೆದು, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ. ಗಟ್ಟಿಯಾಗಿ ಕೂತ ತುಕ್ಕನ್ನು ಮುಟ್ಟಲಿಲ್ಲ. ಮೇಲೆ ತೆಳ್ಳಗೆ ಮೇಣ. ಕೊಂಡಿ ಬಿಚ್ಚಲಿಲ್ಲ, ಸೊಟ್ಟಗಾದ ಕೊಕ್ಕೆ ನೆಟ್ಟಗೆ ಮಾಡಲಿಲ್ಲ. ಇನ್ನೊಂದು ಮಾತು: ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನನ್ನ ಹಾಗೆ ಬಾಲ್ಕನಿಯಲ್ಲಿ ಕೂತು ಮಾಸ್ಕ್ ಇಲ್ಲದೆ ತಿಕ್ಕಬೇಡಿ, ಮನೆಯಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ. ಮತ್ತೆ ಅದನ್ನು ಮಕ್ಕಳಿಗೆ ಆಡಲೂ ಕೊಡಬೇಡಿ. ಅಂಚು ಚಾಕುವಿನ ಹಾಗೆ ಇರುತ್ತದೆ.

ರಿಸ್ಟೋರ್ ಮಾಡುವವರ ದೊಡ್ಡ ನಿಯಮ ನಾವು ದಿನಾ ಆಫೀಸಿನಲ್ಲಿ ಹೇಳುವಂಥದ್ದೇ: ರೋಲ್‌ಬ್ಯಾಕ್ ಆಗದ ಬದಲಾವಣೆ ಮಾಡಬೇಡ, ಮಾಡಿದ್ದನ್ನು ಬರೆದಿಡು. ಕೋಡಿನ ವಿಷಯದಲ್ಲಿ ಒಂದು ದಿನವೂ ಇದನ್ನು ಮರೆಯದ ನಾನು, ಮನೆಯ ವಸ್ತುವಿನ ವಿಷಯದಲ್ಲಿ ನೇರವಾಗಿ ಪ್ರೊಡಕ್ಷನ್ನಿಗೆ ಕೈ ಹಾಕಿದ್ದೆ.

ಟಾರ್ಚಿನ ಫೋಟೋದಲ್ಲಿ ಎರಡನೇ ಡಬ್ಬಿಯ ತಳದಲ್ಲಿ ಗೆರೆಗಳು ಕಂಡವು. ತುಕ್ಕಿನ ನಡುವೆ ಬಾಗಿದ ಗೆರೆ, ಚುಕ್ಕೆ, ಮತ್ತೆ ಬಾಗಿದ ಗೆರೆ. ಬರವಣಿಗೆ! ನನ್ನ ಎದೆ ಹೊಡಕೊಳ್ಳೋದು ನನಗೇ ಕೇಳಿಸ್ತಿತ್ತು. ಪಕ್ಕದ ಟೀಮಿನಲ್ಲಿ ಕಲಬುರಗಿಯ ಹುಡುಗ ಒಬ್ಬನಿದ್ದ, ಅವನ ತಾಯಿ ಉರ್ದು ಸಾಲಿಯಲ್ಲಿ ಟೀಚರ್. ಫೋಟೋ ಕಳಿಸಿ, ಹೆಸರು ಮತ್ತು ತಾರೀಖು ಇರಬಹುದು ನೋಡ್ರಿ ಅಂತ ಬರೆದೆ. ಮರುದಿನ ಬೆಳಿಗ್ಗೆ ವಾಯ್ಸ್ ನೋಟ್ ಬಂತು.

“ಹೆಸರೇನೂ ಇಲ್ಲಪ್ಪಾ. ಎರಡೇ ಶಬ್ದ ಅದ. ದೂಸ್ರಾ ಡಬ್ಬಾ ಅಂತ ಬರ್ದಾರ. ಅಕ್ಷರ ಭಾಳ ಚೆಂದ ಅದ.”

ಎರಡನೇ ಡಬ್ಬಿ. ಅಷ್ಟೇ.

ಮುತ್ಯಾ ಡಬ್ಬಿಗಳಿಗೆ ನಂಬರ್ ಹಾಕಿದ್ದ, ಯಾವುದರ ಹಿಂದೆ ಯಾವುದು ಕೂಡಿಸಬೇಕು ಅಂತ ಮಗನಿಗೆ ಗೊತ್ತಾಗಲಿ ಅಂತಲೋ ಏನೋ. ಹೆಸರು, ತಾರೀಖು ಇದ್ದಿದ್ದರೆ ಅದು ಮೊದಲನೆಯದರ ಮೇಲೆ ಇತ್ತು. ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, “ಅಂದ್ರ ನಾವು ಯಾರೂ ಅದು ಓದೇ ಇಲ್ಲ ನೋಡು, ಅರವತ್ತು ವರ್ಷ” ಅಂದ. ಅವನು ಹೇಳಿದ್ದು ಸರಿ. ಅಳಿಸಿದವನು ನಾನು, ಆದರೆ ಅಳಿಸುವ ಮುಂಚೆಯೂ ಅದು ನಮ್ಮ ಮನೆಯಲ್ಲಿ ಓದಲಾರದ ಗೀರಾಗಿಯೇ ಇತ್ತು. ಊರಲ್ಲಿ ಉರ್ದು ಬಲ್ಲವರು ಎಷ್ಟೋ ಜನ ಇದ್ದಾರೆ. ಒಬ್ಬರನ್ನು ಮನೆಗೆ ಕರೆದು ಚಹಾ ಕೊಟ್ಟು ಕೇಳಿದ್ದರೆ ಸಾಕಿತ್ತು.

ನಿಮ್ಮ ಊರ ಮನೆಯಲ್ಲೂ ಒಂದು ಟ್ರಂಕು ಇರುತ್ತದೆ. ಮೋಡಿ ಲಿಪಿಯ ಕಾಗದವೋ, ಉರ್ದುವಿನ ಪಹಣಿಯೋ, ಪಾತ್ರೆಯ ಅಂಚಿಗೆ ಕೊರೆದ ಹೆಸರೋ. ಮುಂದಿನ ಹಬ್ಬಕ್ಕೆ ಹೋದಾಗ ತೊಳೆಯುವ ಮುಂಚೆ ಒಮ್ಮೆ ಮಗುಚಿ ನೋಡಿ, ಫೋಟೋ ತಗೊಳ್ಳಿ, ಓದಲು ಬರುವವರಿಗೆ ತೋರಿಸಿ.

ನನ್ನ ಎರಡೂ ಡಬ್ಬಿ ಈಗ ಒಂದೇ ಕಪಾಟಿನಲ್ಲಿವೆ. ಮುಂದೆ ಹೊಳೆಯುವ ಕೆಂಪಿನದು, ಹಿಂದೆ ತುಕ್ಕಿನದು, ಕೊಕ್ಕೆಗೆ ಕೊಕ್ಕೆ ಹಾಕಿ. ಸುಳ್ಳು ತುಕ್ಕಿನ ಡಬ್ಬಿಯನ್ನು ಯಾರಿಗೋ ಕೊಟ್ಟುಬಿಟ್ಟೆ. ಮೊದಲನೆಯ ಡಬ್ಬಿಯೊಳಗೆ, ತಾಳೆ ಮರದ ಕೆಳಗೆ, ಒಂದು ಕಾಗದ ಮಡಚಿ ಇಟ್ಟಿದ್ದೀನಿ. ಕನ್ನಡದಲ್ಲಿ ಬರೆದಿದ್ದು: “2019, ದೀಪಾವಳಿ. ಇದರ ಮೂಲ ಬಣ್ಣ ತೆಗೆದವನು ನಾನು. ತಳದಲ್ಲಿ ನನ್ನ ಮುತ್ಯಾನ ಬರಹ ಇತ್ತು. ಏನಿತ್ತೋ ನಮಗೆ ತಿಳಿಯದು.”

ನನ್ನ ಮಗಳು ಈಗ ಇಂಗ್ಲಿಷ್ ಮೀಡಿಯಂ ಎಲ್‌ಕೆಜಿ. ಆ ಕಾಗದ ಅವಳು ಓದುವಂತಾಗಲಿ ಅಂತ ದಿನಾ ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಅ, ಆ, ಇ, ಈ ಬರೆಸ್ತಿದ್ದೀನಿ.